ವಿದೇಶ ಪ್ರವಾಸದಲ್ಲಿ ಸಾರ್ವಜನಿಕ ಶೌಚಾಲಯ: ಹುಡುಕುವುದು, ಬಳಸುವುದು, ಎಡವದಿರುವುದು

ವಿದೇಶಕ್ಕೆ ಹೊರಟವರು ವೀಸಾ, ವಿಮೆ, ಹೋಟೆಲ್ ಬುಕಿಂಗ್ ಎಲ್ಲವನ್ನೂ ಬಹಳ ಮುಂಚೆಯೇ ಮುಗಿಸಿಕೊಳ್ಳುತ್ತಾರೆ, ಶೌಚಾಲಯವನ್ನು ಮಾತ್ರ ಅವಸರವಾದ ಮೇಲೆ ಹುಡುಕಲು ಹೊರಡುತ್ತಾರೆ. ಬಾಯಾರಿದಾಗ ಬಾವಿ ತೋಡುವ ಈ ಕ್ರಮದಲ್ಲಿ ತೊಡಕುಗಳು ಒಂದರ ಹಿಂದೊಂದು ಬರುತ್ತವೆ: ನಕ್ಷೆ ತೋರಿಸಿದ ಶೌಚಾಲಯಕ್ಕೆ ಬೀಗ ಬಿದ್ದಿರುತ್ತದೆ, ತೆರೆದಿರುವ ಇನ್ನೊಂದರ ಗೇಟಿಗೆ ಹಾಕಲು ನಾಣ್ಯವಿರುವುದಿಲ್ಲ, ಬಾಗಿಲ ಮೇಲಿನ ಅಕ್ಷರ ಗಂಡಸರದೋ ಹೆಂಗಸರದೋ ತಿಳಿಯುವುದಿಲ್ಲ, ಒಳಗೆ ಕುಳಿತ ಮೇಲೆ ನೀರೂ ಇಲ್ಲ ಕಾಗದವೂ ಇಲ್ಲ ಎಂಬುದು ಗೊತ್ತಾಗುತ್ತದೆ. ಓದುಗರು ಮತ್ತೆ ಮತ್ತೆ ಎಡವುವುದು ಈ ನಾಲ್ಕು ಜಾಗಗಳಲ್ಲೇ. ಇವುಗಳಲ್ಲಿ ಯಾವುದೂ ಬಿಡಿಸಲಾಗದ್ದಲ್ಲ, ಆದರೆ ಪ್ರತಿಯೊಂದನ್ನೂ ಅದಕ್ಕಿಂತ ಒಂದು ಹೆಜ್ಜೆ ಮುಂಚೆ ಬಿಡಿಸಿಕೊಂಡಿರಬೇಕು. ಕೆಳಗಿನ ಹಂತಗಳನ್ನು ಆ ಅನುಕ್ರಮದಲ್ಲೇ ಕೊಟ್ಟಿದೆ. ಮೊದಲ ಎರಡನ್ನು ವಿಮಾನ ಹತ್ತುವ ಮುಂಚೆಯೇ ಮುಗಿಸಬೇಕು.

ಹಂತ 1: ಹೆಗಲ ಚೀಲವನ್ನು ಹೊಂದಿಸಿಕೊಳ್ಳಿ

ಬೇಕಾದ ಸಾಮಾನು ಹೆಚ್ಚಿಲ್ಲ. ನಡುವಿನ ರಟ್ಟಿನ ಕೊಳವೆ ತೆಗೆದು ಚಪ್ಪಟೆ ಮಾಡಿದ ಒಂದು ಸುರುಳಿ ಟಾಯ್ಲೆಟ್ ಪೇಪರ್, ಅರ್ಧ ಲೀಟರಿನ ಮಡಚುವ ಬಾಟಲಿ, ಸ್ಯಾನಿಟೈಸರ್, ತೆಳು ಹಾಳೆಗಳ ರೂಪದಲ್ಲಿ ಸಿಗುವ ಸೋಪು, ಕೈ ಒರೆಸಲು ಕರವಸ್ತ್ರ, ಜಿಪ್ ಇರುವ ಒಂದೆರಡು ಪ್ಲಾಸ್ಟಿಕ್ ಕವರು, ನಾಣ್ಯಕ್ಕೆಂದೇ ಒಂದು ಪುಟ್ಟ ಪರ್ಸು. ಮುಟ್ಟಿನ ದಿನಗಳು ಹತ್ತಿರವಿಲ್ಲದಿದ್ದರೂ ಒಂದೆರಡು ಪ್ಯಾಡ್ ಇರಲಿ, ಏಕೆಂದರೆ ದೂರ ಪ್ರಯಾಣದಲ್ಲಿ ಲೆಕ್ಕ ತಪ್ಪುವುದು ಅಪರೂಪವೇನಲ್ಲ. ಇವೆಲ್ಲ ದಿನವಿಡೀ ಮೈಮೇಲಿರುವ ಚೀಲದಲ್ಲಿ ಇರಬೇಕು. ಹೋಟೆಲಿನ ಕೋಣೆಯಲ್ಲಿ ಬಿಟ್ಟ ಸೂಟ್‌ಕೇಸಿನಲ್ಲಿದ್ದರೆ ಇಲ್ಲದಂತೆಯೇ ಸರಿ.

ಬಾಟಲಿಯ ಬಗ್ಗೆ ಒಂದು ಎಚ್ಚರಿಕೆ ಇದೆ. ಬಹುತೇಕ ವಿಮಾನ ನಿಲ್ದಾಣಗಳಲ್ಲಿ ಕೈಚೀಲದ ದ್ರವಕ್ಕೆ 100 ಮಿಲಿಲೀಟರಿನ ಮಿತಿ ಇರುವುದರಿಂದ, ತಪಾಸಣೆಗೆ ಮುಂಚೆ ಬಾಟಲಿಯನ್ನು ಖಾಲಿ ಮಾಡಿ, ದಾಟಿದ ಮೇಲೆ ತುಂಬಿಕೊಳ್ಳಿ. ಸ್ಯಾನಿಟೈಸರ್ ಡಬ್ಬಿಯೂ ಇದೇ ಮಿತಿಯೊಳಗಿನದಾಗಿರಲಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಟಾಯ್ಲೆಟ್ ಪೇಪರಿನ ಬದಲು ಮುಖ ಒರೆಸುವ ಟಿಶ್ಯೂ ಅಥವಾ ಒದ್ದೆ ವೈಪ್ಸ್ ಒಯ್ಯುವುದು. ಟಾಯ್ಲೆಟ್ ಪೇಪರ್ ನೀರಿನಲ್ಲಿ ಬೇಗ ಬಿಡಿಬಿಡಿಯಾಗುತ್ತದೆ, ಉಳಿದ ಎರಡು ಹಾಗಾಗುವುದಿಲ್ಲ. ವೈಪ್ಸ್ ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದೆಂದು ಅಚ್ಚಾಗಿದ್ದರೂ ಅದನ್ನು ನಂಬಬೇಡಿ, ಬುಟ್ಟಿಗೇ ಹಾಕಿ.

ಹಂತ 2: ನಕ್ಷೆಯನ್ನೂ ಚಿತ್ರಗಳನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ

ಕೆಲವು ದೇಶಗಳಲ್ಲಿ ಈ ಕೆಲಸ ಬಹಳ ಸುಲಭ. ಆಸ್ಟ್ರೇಲಿಯಾದಲ್ಲಿ ಸರ್ಕಾರವೇ ನಡೆಸುವ ರಾಷ್ಟ್ರೀಯ ಸಾರ್ವಜನಿಕ ಶೌಚಾಲಯ ನಕ್ಷೆ ಇದೆ. ಅದರಲ್ಲಿ 20,000ಕ್ಕೂ ಹೆಚ್ಚು ಶೌಚಾಲಯಗಳ ಜಾಗ, ತೆರೆದಿರುವ ಸಮಯ, ಗಾಲಿಕುರ್ಚಿಗೆ ಅನುಕೂಲವಿದೆಯೇ, ಮಗುವಿನ ಡಯಾಪರ್ ಬದಲಿಸಲು ಜಾಗವಿದೆಯೇ ಎಂಬ ವಿವರಗಳು ಸಿಗುತ್ತವೆ. ಬ್ರಿಟನ್ನಿಗೆ ಗ್ರೇಟ್ ಬ್ರಿಟಿಷ್ ಪಬ್ಲಿಕ್ ಟಾಯ್ಲೆಟ್ ಮ್ಯಾಪ್ ಇದೆ, ನೆದರ್ಲೆಂಡ್ಸಿಗೆ ಹೋಗೆನೋಡ್ ಎಂಬ ಆ್ಯಪ್ ಇದೆ. ಉಳಿದ ಕಡೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಕಟ್ಟುತ್ತಿರುವ ಉಚಿತ ನಕ್ಷೆ) ಮಾಹಿತಿಯನ್ನು ಬಳಸುವ, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುವ ಯಾವುದಾದರೂ ನಕ್ಷೆಯ ಆ್ಯಪನ್ನು ಇಳಿಸಿಕೊಂಡು, ಹೋಗಲಿರುವ ನಗರದ ಭಾಗವನ್ನು ಮೊದಲೇ ಉಳಿಸಿಕೊಳ್ಳಿ.

ನಕ್ಷೆಯ ಚುಕ್ಕೆಯನ್ನು ಪೂರ್ತಿ ನಂಬುವುದು ಎರಡನೆಯ ದೊಡ್ಡ ತಪ್ಪು. ಚುಕ್ಕೆ ಇದ್ದ ಮಾತ್ರಕ್ಕೆ ಪ್ರವೇಶವಿದೆ ಎಂದಲ್ಲ: ಅದು ಮೆಟ್ರೋ ಟಿಕೆಟ್ ಗೇಟಿನ ಒಳಗಿರಬಹುದು, ಸಂಗ್ರಹಾಲಯದ ಒಳಗಿರಬಹುದು. ಉದ್ಯಾನಗಳ ಶೌಚಾಲಯಗಳಿಗೆ ಕತ್ತಲಾಗುತ್ತಲೇ ಬೀಗ ಬೀಳುವುದುಂಟು. ಹಿಮ ಬೀಳುವ ದೇಶಗಳಲ್ಲಿ ಕೊಳವೆಯ ನೀರು ಹೆಪ್ಪುಗಟ್ಟುತ್ತದೆಂದು ಚಳಿಗಾಲ ಪೂರ್ತಿ ಮುಚ್ಚಿರುವ ಶೌಚಾಲಯಗಳೂ ಇವೆ. ಆದ್ದರಿಂದ ಸಮಯವನ್ನು ನೋಡಿ, ಬಳಸಿದವರು ಬರೆದ ಇತ್ತೀಚಿನ ಟಿಪ್ಪಣಿಯ ದಿನಾಂಕವನ್ನೂ ನೋಡಿ. ಪ್ರತಿ ನಗರಕ್ಕೂ ಒಂದರ ಬದಲು ಎರಡು ಜಾಗ ಗುರುತಿಸಿಕೊಂಡಿರುವುದು ಒಳ್ಳೆಯದು.

ಇದೇ ಹೊತ್ತಿನಲ್ಲಿ ಆ ದೇಶದ ಭಾಷೆಯಲ್ಲಿ ಶೌಚಾಲಯ, ಗಂಡಸರು, ಹೆಂಗಸರು, ಖಾಲಿ, ಭರ್ತಿ, ಕೆಟ್ಟಿದೆ ಎಂಬ ಆರು ಪದಗಳನ್ನು ಹುಡುಕಿ, ಸ್ಕ್ರೀನ್‌ಶಾಟ್ ತೆಗೆದು ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಅನುವಾದದ ಆ್ಯಪ್ ತೆರೆದು ಕ್ಯಾಮೆರಾ ಹಿಡಿಯುವಷ್ಟು ತಾಳ್ಮೆ ಆ ಗಳಿಗೆಯಲ್ಲಿ ಯಾರಿಗೂ ಇರುವುದಿಲ್ಲ. ಅಲ್ಲದೆ ಶೌಚಾಲಯದ ಬಾಗಿಲಿಗೆ ಕ್ಯಾಮೆರಾ ಹಿಡಿದು ನಿಲ್ಲುವುದು ನೋಡುವವರಿಗೆ ಬೇರೆಯೇ ಅರ್ಥ ಕೊಟ್ಟೀತು.

ಹಂತ 3: ಕೊನೆಯ ಉಚಿತ ಶೌಚಾಲಯವನ್ನು ಬಿಟ್ಟು ಮುಂದೆ ಹೋಗಬೇಡಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಟಿಕೆಟ್ ಕೊಟ್ಟೋ ಊಟಕ್ಕೆ ಕುಳಿತೋ ನಿಮಗೆ ಈಗಾಗಲೇ ಪ್ರವೇಶ ಸಿಕ್ಕಿರುವ ಜಾಗದಿಂದ ಹೊರಬೀಳುವ ಮುನ್ನ, ಅವಸರ ಇರಲಿ ಬಿಡಲಿ, ಅಲ್ಲಿನ ಶೌಚಾಲಯಕ್ಕೆ ಹೋಗಿ ಬರಬೇಕು. ವಿಮಾನ ಇಳಿಯುವ ಮುಂಚೆ ಸೀಟ್‌ಬೆಲ್ಟ್ ದೀಪ ಹತ್ತಿದರೆ ಮತ್ತೆ ಏಳುವಂತಿಲ್ಲ, ಇಳಿದ ಮೇಲೆ ವಲಸೆ ತಪಾಸಣೆಯ ಸಾಲು ಎಷ್ಟು ಉದ್ದವಿರುತ್ತದೋ ಹೇಳಲಾಗದು. ಹೀಗಾಗಿ ದೀಪ ಹತ್ತುವುದಕ್ಕೆ ಮುಂಚೆ ಒಮ್ಮೆ, ಅದು ತಪ್ಪಿದರೆ ವಿಮಾನದಿಂದ ಇಳಿದು ಸಾಲು ಸೇರುವುದಕ್ಕೆ ಮುಂಚೆ.

ಯುರೋಪಿನ ರೈಲುಗಳಲ್ಲಿ ಈ ನಿಯಮದ ಲಾಭ ಎದ್ದು ಕಾಣುತ್ತದೆ. ದೂರದ ರೈಲಿನೊಳಗಿನ ಶೌಚಾಲಯ ಉಚಿತ, ಅದೇ ರೈಲು ತಲುಪುವ ದೊಡ್ಡ ನಿಲ್ದಾಣದ ಶೌಚಾಲಯಕ್ಕೆ ಅನೇಕ ದೇಶಗಳಲ್ಲಿ ಹಣ ಕೊಡಬೇಕು. ಆದರೆ ನಿಲ್ದಾಣ ಹತ್ತಿರವಾಗುತ್ತಿದ್ದಂತೆ ಸಾಮಾನು ಹಿಡಿದವರು ದಾರಿಯುದ್ದಕ್ಕೂ ನಿಂತುಬಿಡುತ್ತಾರೆ, ಹಾಗಾಗಿ ಕಾಲು ಗಂಟೆ ಮೊದಲೇ ಎದ್ದು ಹೋಗಿ. ದೂರದ ಬಸ್ಸಿಗೆ ಮಾತ್ರ ಈ ಭರವಸೆ ಇಟ್ಟುಕೊಳ್ಳಬೇಡಿ. ಬಸ್ಸಿನಲ್ಲಿ ಶೌಚಾಲಯವಿದ್ದರೂ ಅದಕ್ಕೆ ಬೀಗ ಹಾಕಿರುವುದುಂಟು, ಹತ್ತುವ ಮುಂಚೆ ಚಾಲಕರನ್ನು ಕೇಳಿ.

ಶೌಚಾಲಯ ಸಿಗದೀತೆಂಬ ಭಯಕ್ಕೆ ದಿನವಿಡೀ ನೀರು ಕುಡಿಯದೆ ತಿರುಗುವವರಿದ್ದಾರೆ. ಇದು ಪರಿಹಾರವಲ್ಲ, ಇನ್ನೊಂದು ತೊಂದರೆಗೆ ಆಹ್ವಾನ. ನಿರ್ಜಲೀಕರಣ, ಮಲಬದ್ಧತೆ, ಮೂತ್ರನಾಳದ ಸೋಂಕು ಇವು ಪ್ರವಾಸವನ್ನು ಕೆಡಿಸುವಷ್ಟು ಯಾವ ಬೀಗ ಬಿದ್ದ ಬಾಗಿಲೂ ಕೆಡಿಸದು. ಮೂತ್ರದ ಬಣ್ಣ ಗಾಢ ಹಳದಿಗೆ ತಿರುಗಿದ್ದರೆ ನೀರು ಸಾಲುತ್ತಿಲ್ಲವೆಂದು ತಿಳಿಯಿರಿ. ಉರಿಮೂತ್ರ, ಜ್ವರ, ಬೆನ್ನಿನ ಕೆಳಬದಿಯ ನೋವು ಕಾಣಿಸಿಕೊಂಡರೆ ವೈದ್ಯರನ್ನು ಕಾಣಬೇಕು.

ಹಂತ 4: ಬೀದಿಯಲ್ಲಿದ್ದಾಗ ಯಾವುದನ್ನು ಮೊದಲು ನೋಡಬೇಕು

ಹುಡುಕುವಾಗ ಒಂದು ಅನುಕ್ರಮವಿರಲಿ: ಮೊದಲು ದೊಡ್ಡ ಮಳಿಗೆ ಅಥವಾ ಮಾಲ್, ಆಮೇಲೆ ಉಚಿತ ಪ್ರವೇಶವಿರುವ ಸಂಗ್ರಹಾಲಯ ಮತ್ತು ಸಾರ್ವಜನಿಕ ಗ್ರಂಥಾಲಯ, ಆಮೇಲೆ ರೈಲು ನಿಲ್ದಾಣ, ಆಮೇಲೆ ದೊಡ್ಡ ಹೋಟೆಲಿನ ಲಾಬಿ, ಕೊನೆಗೆ ಏನಾದರೂ ಕೊಂಡು ಬಳಸುವ ಕೆಫೆ. ಮಳಿಗೆಗಳಲ್ಲಿ ಶೌಚಾಲಯ ನೆಲಮಹಡಿಯಲ್ಲಿ ಸಿಗುವುದು ಕಡಿಮೆ. ಸಾಮಾನ್ಯವಾಗಿ ಕೊನೆಯ ಮಹಡಿಯಲ್ಲಿ, ಉಪಾಹಾರದ ವಿಭಾಗದ ಪಕ್ಕದಲ್ಲಿ, ಇಲ್ಲವೇ ನೆಲಮಾಳಿಗೆಯಲ್ಲಿ ಇರುತ್ತದೆ. ಲಿಫ್ಟಿನ ಪಕ್ಕದ ಮಹಡಿ ಫಲಕವನ್ನು ಓದಿದರೆ ಅಲೆದಾಟ ತಪ್ಪುತ್ತದೆ. ಹೋಟೆಲಿನ ಲಾಬಿಯಲ್ಲಿ ಅಂಜುತ್ತಾ ಅತ್ತಿತ್ತ ನೋಡುವ ಬದಲು ನೇರವಾಗಿ ಸ್ವಾಗತ ಮೇಜಿಗೆ ಹೋಗಿ ವಿನಯದಿಂದ ಕೇಳಿ, ಇಲ್ಲವೆನ್ನುವವರು ಕಡಿಮೆ.

ದೇಶದಿಂದ ದೇಶಕ್ಕೆ ಈ ಅನುಕ್ರಮ ಸ್ವಲ್ಪ ಬದಲಾಗುತ್ತದೆ. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಮೆಟ್ರೋ ನಿಲ್ದಾಣಗಳನ್ನೇ ಮೊದಲು ನೋಡಬಹುದು, ಅಲ್ಲಿನ ಶೌಚಾಲಯಗಳು ಉಚಿತ ಮತ್ತು ಸಾಮಾನ್ಯವಾಗಿ ಚೊಕ್ಕಟ. ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳಂತಹ ದೊಡ್ಡ ಸಂಗ್ರಹಾಲಯಗಳ ಶಾಶ್ವತ ಸಂಗ್ರಹಕ್ಕೆ ಪ್ರವೇಶ ಶುಲ್ಕವಿಲ್ಲದ್ದರಿಂದ ಅಲ್ಲಿನ ಶೌಚಾಲಯವೂ ಉಚಿತ. ಬ್ರಿಟನ್ನಿನ ರೈಲು ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆ ತಾನು ನಡೆಸುವ ದೊಡ್ಡ ರೈಲು ನಿಲ್ದಾಣಗಳಲ್ಲಿ 2019ರಲ್ಲಿ ಶೌಚಾಲಯದ ಶುಲ್ಕವನ್ನು ತೆಗೆದುಹಾಕಿದೆ. ಪ್ಯಾರಿಸ್ಸಿನ ಬೀದಿಬದಿಯಲ್ಲಿ ಸ್ಯಾನಿಜೆಟ್ ಎಂಬ ಸ್ವಯಂಚಾಲಿತ ಶೌಚಾಲಯಗಳು 400ಕ್ಕೂ ಹೆಚ್ಚಿವೆ, 2006ರಿಂದ ಅವು ಉಚಿತ. ಜರ್ಮನಿಯ ಅನೇಕ ಊರುಗಳಲ್ಲಿ ನೆಟೆ ಟ್ವಾಲೆಟೆ ಎಂಬ ಯೋಜನೆ ಇದೆ: ಅದರ ಸ್ಟಿಕ್ಕರ್ ಅಂಟಿಸಿರುವ ಅಂಗಡಿ ಅಥವಾ ಹೋಟೆಲಿನಲ್ಲಿ ಏನನ್ನೂ ಕೊಳ್ಳದೆ ಶೌಚಾಲಯ ಬಳಸಬಹುದು.

ಅಮೆರಿಕದ ಸಂಗತಿ ಸ್ವಲ್ಪ ವಿಚಿತ್ರ. ಹಣ ಕೊಟ್ಟು ಬಳಸುವ ಶೌಚಾಲಯಗಳನ್ನು 1970ರ ದಶಕದಲ್ಲಿ ಅನೇಕ ನಗರಗಳೂ ರಾಜ್ಯಗಳೂ ನಿಷೇಧಿಸಿದವು, ಆದರೆ ಅವುಗಳ ಜಾಗಕ್ಕೆ ಉಚಿತ ಶೌಚಾಲಯಗಳು ಸಾಕಷ್ಟು ಬರಲಿಲ್ಲ. ಹೆದ್ದಾರಿಯ ತಂಗುದಾಣಗಳಲ್ಲಿ ತೊಂದರೆಯಿಲ್ಲ, ನಗರದ ನಡುವೆ ನಡೆಯುವಾಗ ಮಾತ್ರ ಗ್ರಂಥಾಲಯ, ಮಳಿಗೆ, ಕೆಫೆಗಳನ್ನೇ ನೆಚ್ಚಬೇಕು. ಸ್ಟಾರ್‌ಬಕ್ಸ್ 2018ರಲ್ಲಿ ಏನನ್ನೂ ಕೊಳ್ಳದವರಿಗೂ ಶೌಚಾಲಯ ತೆರೆದಿತ್ತು, 2025ರ ಜನವರಿಯಲ್ಲಿ ಉತ್ತರ ಅಮೆರಿಕದಲ್ಲಿ ಆ ನೀತಿಯನ್ನು ಹಿಂತೆಗೆದುಕೊಂಡಿತು. ಹಳೆಯ ಪ್ರವಾಸ ಬರಹಗಳಲ್ಲಿ ಇನ್ನೂ ಹಳೆಯ ಸಲಹೆಯೇ ಉಳಿದುಕೊಂಡಿದೆ.

ಕೆಫೆಯಲ್ಲಿ ಮೊದಲು ಏನಾದರೂ ಕೊಳ್ಳಿ, ಆಮೇಲೆ ಕೇಳಿ, ರಸೀದಿಯನ್ನು ಎಸೆಯಬೇಡಿ. ಬಾಗಿಲಿನ ಬೀಗದ ಸಂಖ್ಯೆ ಎಷ್ಟೋ ಕಡೆ ರಸೀದಿಯ ತಳದಲ್ಲಿ ಅಚ್ಚಾಗಿರುತ್ತದೆ. ಕೇಳುವಾಗ ಅಮೆರಿಕದಲ್ಲಿ ರೆಸ್ಟ್‌ರೂಂ, ಕೆನಡಾದಲ್ಲಿ ವಾಶ್‌ರೂಂ, ಉಳಿದ ಬಹುತೇಕ ಕಡೆ ಟಾಯ್ಲೆಟ್ ಎಂದರೆ ಸಾಕು. ಯುರೋಪಿನಲ್ಲಿ ಡಬ್ಲ್ಯುಸಿ ಎಂಬ ಎರಡಕ್ಷರದ ಫಲಕವನ್ನು ಕಣ್ಣು ಹುಡುಕುತ್ತಿರಲಿ.

ಹಂತ 5: ಹಣ ಕೇಳುವ ಗೇಟನ್ನು ದಾಟುವುದು

ಯೂರೋ ದೇಶಗಳಲ್ಲಿ 50 ಸೆಂಟ್ ಮತ್ತು 1 ಯೂರೋ ನಾಣ್ಯಗಳು ನಾಲ್ಕಾರಾದರೂ ಆ ಪುಟ್ಟ ಪರ್ಸಿನಲ್ಲಿರಲಿ. ಚಿಲ್ಲರೆ ಹಿಂದಿರುಗಿಸದ ಗೇಟುಗಳಿವೆ, ಕಾರ್ಡ್ ತಾಗಿಸುವ ಯಂತ್ರ ವಿದೇಶಿ ಕಾರ್ಡನ್ನು ಒಪ್ಪದಿರಬಹುದು. ಜರ್ಮನಿಯ ಹೆದ್ದಾರಿ ತಂಗುದಾಣಗಳಲ್ಲಿರುವ ಸ್ಯಾನಿಫೇರ್ ಶೌಚಾಲಯಕ್ಕೆ 2022ರ ಕೊನೆಯಿಂದ 1 ಯೂರೋ ಶುಲ್ಕವಾಗಿದೆ, ಗೇಟಿನಿಂದ ಅಷ್ಟೇ ಮೌಲ್ಯದ ಚೀಟಿ ಹೊರಬರುತ್ತದೆ. ಅದನ್ನು ತೆಗೆದುಕೊಳ್ಳದೆ ಹೋಗುವವರೇ ಹೆಚ್ಚು. ಅಲ್ಲಿನ ಅಂಗಡಿಯಲ್ಲಿ ಏನಾದರೂ ಕೊಳ್ಳುವಾಗ ಅದು ಹಣದಂತೆ ಚಲಾವಣೆಯಾಗುತ್ತದೆ.

ಬಾಗಿಲ ಬಳಿ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು ಕುಳಿತ ಸಿಬ್ಬಂದಿ ಇದ್ದರೆ, ಫಲಕದಲ್ಲಿ ದರ ಬರೆದಿದೆಯೇ ನೋಡಿ. ಬರೆದಿದ್ದರೆ ಅಷ್ಟು, ಇಲ್ಲದಿದ್ದರೆ ಒಂದು ಸಣ್ಣ ನಾಣ್ಯ. ಶುಲ್ಕದ ಬಗ್ಗೆ ಗೊಣಗುವವರೊಡನೆ ನನಗೆ ಸಹಮತವಿಲ್ಲ: ಬಾಗಿಲಲ್ಲಿ ಒಬ್ಬರು ಕುಳಿತಿರುವ ಶೌಚಾಲಯದಲ್ಲಿ ಕಾಗದವೂ ಇರುತ್ತದೆ, ರಾತ್ರಿ ಹೊತ್ತು ಧೈರ್ಯವೂ ಇರುತ್ತದೆ. ಆದರೆ ಉಚಿತವೆಂದು ಬರೆದಿರುವಲ್ಲಿ, ಗುರುತಿನ ಚೀಟಿಯಿಲ್ಲದ ಯಾರೋ ಅಡ್ಡ ನಿಂತು ನೋಟು ಕೇಳಿದರೆ, ಪರ್ಸು ತೆರೆಯದೆ ಮುಂದಿನ ಜಾಗಕ್ಕೆ ನಡೆಯಿರಿ.

ಸ್ವಯಂಚಾಲಿತ ಬೀದಿ ಶೌಚಾಲಯದಲ್ಲಿ ಒಂದು ತಪ್ಪನ್ನು ಮಾಡಲೇಬಾರದು. ಒಳಗಿದ್ದವರು ಹೊರಬರುತ್ತಲೇ ಬಾಗಿಲು ಮುಚ್ಚುವ ಮುಂಚೆ ನುಗ್ಗಬೇಡಿ. ಪ್ರತಿ ಬಳಕೆಯ ನಂತರ ಬಾಗಿಲು ಮುಚ್ಚಿಕೊಂಡು, ಒಳಗೆಲ್ಲ ನೀರು ಹಾಯಿಸಿ ತೊಳೆಯುವ ವ್ಯವಸ್ಥೆ ಅಲ್ಲಿರುತ್ತದೆ. ತೊಳೆಯುವ ದೀಪ ಆರಿ, ಹಸಿರು ದೀಪ ಹತ್ತಿದ ಮೇಲೆ ಗುಂಡಿ ಒತ್ತಿ ಒಳಗೆ ಹೋಗಿ. ನಿಗದಿತ ಸಮಯ ಮೀರಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಸಮಯವನ್ನು ಹೊರಗೆ ಬರೆದಿರುತ್ತಾರೆ.

ಹಂತ 6: ಬಾಗಿಲ ಮೇಲಿನ ಗುರುತನ್ನು ಓದುವುದು

ಚಿತ್ರವಿದ್ದರೆ ಚಿಂತೆಯಿಲ್ಲ. ಅಕ್ಷರ ಮಾತ್ರ ಇದ್ದಾಗ ಇಂಗ್ಲಿಷಿನ ಅಭ್ಯಾಸವೇ ದಾರಿ ತಪ್ಪಿಸುತ್ತದೆ. ಇಂಗ್ಲಿಷಿನಲ್ಲಿ ಎಂ ಗಂಡಸರದು, ಎಫ್ ಹೆಂಗಸರದು. ಆದರೆ ಐರ್ಲೆಂಡಿನಲ್ಲಿ ಐರಿಷ್ ಭಾಷೆಯ ಫಲಕವಿದ್ದರೆ ಫಿರ್ ಎಂದರೆ ಗಂಡಸರು, ಮ್ನಾ ಎಂದರೆ ಹೆಂಗಸರು, ಅಂದರೆ ಪೂರ್ತಿ ತಿರುಗುಮುರುಗು. ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲೂ ಎಂ ಹೆಂಗಸರನ್ನು ಸೂಚಿಸಬಹುದು. ಹಂಗೇರಿಯಲ್ಲಿ ಎಫ್ ಗಂಡಸರದು, ಎನ್ ಹೆಂಗಸರದು. ಎಚ್ ಅಕ್ಷರವೊಂದನ್ನು ಸಾಕಷ್ಟು ನಂಬಬಹುದು: ಜರ್ಮನಿ, ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಸ್ವೀಡನ್ ಎಲ್ಲ ಕಡೆಯೂ ಅದು ಗಂಡಸರದೇ. ಟರ್ಕಿಯಲ್ಲಿ ಬಾಯ್ ಎಂದಿದ್ದರೆ ಗಂಡಸರು, ಬಾಯಾನ್ ಎಂದಿದ್ದರೆ ಹೆಂಗಸರು. ಮೊದಲ ಅಕ್ಷರಗಳು ಒಂದೇ ಆಗಿರುವುದರಿಂದ ಪದವನ್ನು ಕೊನೆಯವರೆಗೂ ಓದಬೇಕು.

ಪೋಲೆಂಡಿನಲ್ಲಿ ಅಕ್ಷರವೂ ಇರದೆ ಬರಿಯ ಆಕಾರಗಳಿರುವುದುಂಟು: ತ್ರಿಕೋನ ಗಂಡಸರಿಗೆ, ವೃತ್ತ ಹೆಂಗಸರಿಗೆ. ಚೀನಾ, ಜಪಾನ್, ತೈವಾನ್‌ಗಳಲ್ಲಿ ಎರಡು ಲಿಪಿಚಿಹ್ನೆಗಳ ಚಹರೆಯನ್ನು ನೆನಪಿಟ್ಟರೆ ಸಾಕು. ಗಂಡಸರ ಚಿಹ್ನೆಯ ಮೇಲ್ಭಾಗದಲ್ಲಿ ನಾಲ್ಕು ಮನೆಗಳಾಗಿ ಭಾಗವಾದ ಒಂದು ಚೌಕವಿರುತ್ತದೆ. ಹೆಂಗಸರ ಚಿಹ್ನೆಯಲ್ಲಿ ಚೌಕವಿಲ್ಲ, ಒಂದನ್ನೊಂದು ಕತ್ತರಿಸುವ ಎರಡು ಬಾಗಿದ ಗೆರೆ ಮತ್ತು ಅವುಗಳಿಗೆ ಅಡ್ಡಲಾಗಿ ಒಂದು ಗೆರೆ ಮಾತ್ರ.

ಬಾಗಿಲಿನ ಚಿಲಕದ ಪಕ್ಕದ ಕಿರುಗಿಂಡಿಯಲ್ಲಿ ಕೆಂಪು ಕಂಡರೆ ಒಳಗೆ ಜನವಿದ್ದಾರೆ, ಹಸಿರು ಅಥವಾ ಬಿಳಿ ಕಂಡರೆ ಖಾಲಿ. ಬಣ್ಣ ಅಳಿಸಿಹೋಗಿದ್ದರೆ ಮೆಲ್ಲನೆ ತಟ್ಟಿ ಕಾಯಿರಿ. ಜಪಾನಿನಲ್ಲಿ ಒಳಗಿರುವವರು ತಿರುಗಿ ತಟ್ಟಿ ಉತ್ತರಿಸುತ್ತಾರೆ, ನೀವು ಒಳಗಿದ್ದಾಗ ನೀವೂ ಹಾಗೆಯೇ ಮಾಡಬೇಕು.

ಹಂತ 7: ಚಿಲಕ ಹಾಕಿ, ಕುಳಿತುಕೊಳ್ಳುವ ಮುಂಚೆ ಅರ್ಧ ನಿಮಿಷ ನಿಂತು ನೋಡಿ

ಎಲ್ಲ ತಪ್ಪುಗಳ ತಾಯಿಬೇರು ಈ ಅರ್ಧ ನಿಮಿಷವನ್ನು ಉಳಿಸಲು ಹೋಗುವುದು. ಒಳಗೆ ಕಾಗದ ಇದೆಯೇ? ಚೀನಾದ ಅನೇಕ ಶೌಚಾಲಯಗಳಲ್ಲಿ ಕಾಗದದ ಪೆಟ್ಟಿಗೆ ಒಳಗಿರದೆ ಪ್ರವೇಶದ ಗೋಡೆಯ ಮೇಲೆ ಎಲ್ಲರಿಗೂ ಒಂದೇ ಇರುತ್ತದೆ, ಕೋಣೆಗೆ ಹೋಗುವ ಮುಂಚೆಯೇ ಎಳೆದುಕೊಂಡು ಹೋಗಬೇಕು. ಫ್ಲಶ್ ಎಲ್ಲಿದೆ? ಸರಪಳಿ, ತೊಟ್ಟಿಯ ಮೇಲಿನ ಗುಂಡಿ, ಗೋಡೆಯ ಲೋಹದ ತಟ್ಟೆ, ನೆಲದ ಪೆಡಲ್, ಕೈ ತೋರಿಸುವ ಸೆನ್ಸರ್, ಇವುಗಳಲ್ಲಿ ಯಾವುದೆಂದು ಕಣ್ಣಿಗೆ ಬೀಳುವವರೆಗೆ ಕುಳಿತುಕೊಳ್ಳಬೇಡಿ. ಚಿಲಕ ಭದ್ರವಾಗಿ ಬಿದ್ದಿದೆಯೇ ಎಂದು ಒಮ್ಮೆ ಬಾಗಿಲನ್ನು ಎಳೆದು ನೋಡಿ. ಟೋಕಿಯೋದ ಶಿಬುಯಾ ಪ್ರದೇಶದ ಎರಡು ಉದ್ಯಾನಗಳಲ್ಲಿ 2020ರಲ್ಲಿ ಕಟ್ಟಿದ ಗಾಜಿನ ಶೌಚಾಲಯಗಳಿವೆ, ಹೊರಗಿನಿಂದ ಎಲ್ಲ ಕಾಣುತ್ತದೆ, ಚಿಲಕ ಹಾಕಿದಾಗಲೇ ಗಾಜು ಮಬ್ಬಾಗುವುದು. ಅಲ್ಲಿ ಈ ಪರೀಕ್ಷೆಯನ್ನು ಮರೆಯುವವರು ವಿರಳವೆಂದುಕೊಳ್ಳೋಣ.

ಗೋಡೆಯ ಪಕ್ಕದಲ್ಲಿ ಚಾವಣಿಯಿಂದ ಕೆಂಪು ಹಗ್ಗವೊಂದು ಇಳಿಬಿದ್ದಿದ್ದರೆ ಅದನ್ನು ಮುಟ್ಟಬೇಡಿ. ಬ್ರಿಟನ್, ಇಟಲಿ ಮೊದಲಾದ ಕಡೆ ಅದು ಬಿದ್ದವರು ಸಹಾಯಕ್ಕೆ ಕರೆಯುವ ಗಂಟೆಯ ಹಗ್ಗ. ದೀಪದ ಸ್ವಿಚ್ ಅಥವಾ ಫ್ಲಶ್ ಎಂದು ತಿಳಿದು ಎಳೆದರೆ ಹೊರಗೆ ಎಚ್ಚರಿಕೆಯ ಗಂಟೆ ಬಡಿದು ಸಿಬ್ಬಂದಿ ಓಡಿ ಬರುತ್ತಾರೆ. ಎಳೆದೇ ಬಿಟ್ಟಿದ್ದರೆ ಗೋಡೆಯ ಮೇಲೆ ಮರುಹೊಂದಿಸುವ ಗುಂಡಿ ಇದೆಯೇ ನೋಡಿ ಒತ್ತಿ, ಬಂದವರಿಗೆ ಏನೂ ಆಗಿಲ್ಲವೆಂದು ಹೇಳಿ. ಆ ಹಗ್ಗವನ್ನು ಅಡ್ಡಿಯೆಂದು ಮೇಲಕ್ಕೆ ಕಟ್ಟಿಹಾಕುವುದಂತೂ ಕೂಡದು, ನೆಲಕ್ಕೆ ಬಿದ್ದವರ ಕೈಗೆ ಎಟುಕಲೆಂದೇ ಅದು ಅಷ್ಟು ಉದ್ದವಿರುವುದು.

ಚೀಲವನ್ನು ಬಾಗಿಲ ಮೇಲಿನ ಕೊಕ್ಕೆಗೆ ತಗುಲಿಹಾಕಿದರೆ ಹೊರಗಿನಿಂದ ಕೈ ಹಾಕಿ ಎತ್ತಿಕೊಂಡು ಹೋಗುವ ಸಾಧ್ಯತೆ ಇದೆ, ನೆಲದ ಮೇಲಿಟ್ಟರೆ ಬಾಗಿಲ ಕೆಳಗಿನ ಸಂದಿಯಿಂದ ಎಳೆಯಬಹುದು. ಅಮೆರಿಕದ ಶೌಚಾಲಯಗಳಲ್ಲಿ ಈ ಸಂದಿ ಬಹಳ ದೊಡ್ಡದು. ಕೊರಳಿಗೆ ಹಾಕಿಕೊಳ್ಳುವುದೇ ಕ್ಷೇಮ. ಪಾಸ್‌ಪೋರ್ಟ್ ಮತ್ತು ಫೋನು ಪ್ಯಾಂಟಿನ ಹಿಂಜೇಬಿನಲ್ಲಿದ್ದರೆ ಈಗಲೇ ತೆಗೆಯಿರಿ.

ಹಂತ 8: ಮೂರು ಬಗೆಯ ಶೌಚಾಲಯ, ಮೂರು ಬಗೆಯ ಬಳಕೆ

ಕಮೋಡ್ ಬಗ್ಗೆ ಹೇಳುವುದು ಸ್ವಲ್ಪವೇ ಇದೆ: ಆಸನದ ಮೇಲೆ ಹತ್ತಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಬೇಡಿ. ಪಿಂಗಾಣಿ ಒಡೆದು ಆಳವಾದ ಗಾಯಗಳಾಗಬಹುದು. ಆಸನದಿಂದ ಸೋಂಕು ತಗಲುವ ಸಾಧ್ಯತೆ ಜನ ಹೆದರುವುದಕ್ಕಿಂತ ಬಹಳ ಕಡಿಮೆ, ಕೈಯಿಂದ ಬಾಯಿಗೆ ಹರಡುವುದೇ ಹೆಚ್ಚು. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಕಾಗದದಿಂದ ಒರೆಸಿ ಕುಳಿತುಕೊಳ್ಳಿ.

ನೆಲಮಟ್ಟದ ಶೌಚಾಲಯ ಚೀನಾದಲ್ಲಿ ಈಗಲೂ ಸಾಮಾನ್ಯ, ಟರ್ಕಿಯಲ್ಲೂ ಜಪಾನಿನ ಹಳೆಯ ನಿಲ್ದಾಣಗಳಲ್ಲೂ ಇವೆ, ಫ್ರಾನ್ಸ್ ಮತ್ತು ಇಟಲಿಯ ಹೆದ್ದಾರಿಗಳಲ್ಲೂ ಕಾಣಿಸುತ್ತವೆ. ಯಾವ ಕಡೆ ಮುಖ ಮಾಡಬೇಕೆಂಬುದರಲ್ಲಿ ವ್ಯತ್ಯಾಸವಿದೆ. ಜಪಾನಿನದರಲ್ಲಿ ಒಂದು ತುದಿಯಲ್ಲಿ ಗುಮ್ಮಟದಂತೆ ಎದ್ದ ಭಾಗವಿರುತ್ತದೆ, ಅದರ ಕಡೆಗೆ ಮುಖ ಮಾಡಿ ಹತ್ತಿರಕ್ಕೆ ಸರಿದು ಕುಳಿತುಕೊಳ್ಳಬೇಕು, ಬಾಗಿಲಿಗೆ ಬೆನ್ನಾದರೂ ಚಿಂತೆಯಿಲ್ಲ. ಟರ್ಕಿ ಮತ್ತು ಯುರೋಪಿನ ಬಗೆಯಲ್ಲಿ ಕಾಲಿಡುವ ಎರಡು ಗುರುತುಗಳಿರುತ್ತವೆ, ಅಲ್ಲಿ ಬಾಗಿಲ ಕಡೆಗೆ ಮುಖ. ಪ್ಯಾಂಟಿನ ಕೆಳ ಅಂಚನ್ನು ಮೊದಲೇ ಮಡಚಿಕೊಳ್ಳಿ. ಯುರೋಪಿನ ಬಗೆಯಲ್ಲಿ ಫ್ಲಶ್ ನೀರು ಕಾಲಿಡುವ ಜಾಗದ ಮೇಲೆಯೇ ರಭಸದಿಂದ ನುಗ್ಗುತ್ತದೆ. ಎಲ್ಲ ಮುಗಿಸಿ, ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟ ಮೇಲೆ ಒತ್ತಿದರೆ ಬೂಟು ಒಣಗಿರುತ್ತದೆ.

ಜಪಾನಿನ ವಿದ್ಯುತ್ ಕಮೋಡಿನ ಗುಂಡಿಗಳನ್ನು ಕಂಡು ಗಾಬರಿಗೊಳ್ಳುವವರು ಒಂದನ್ನು ಮೊದಲು ಗುರುತಿಸಿಕೊಂಡರೆ ಸಾಕು: ನಿಲ್ಲಿಸುವ ಗುಂಡಿ. ಅದರ ಮೇಲೆ ಸಾಮಾನ್ಯವಾಗಿ ಚಿಕ್ಕ ಚೌಕದ ಗುರುತಿರುತ್ತದೆ. ಕುಳಿತೇ ಇರುವಾಗ ಮಾತ್ರ ಸಿಂಪಡಿಸುವ ಗುಂಡಿ ಒತ್ತಿ, ನಿಲ್ಲಿಸದೆ ಏಳಬೇಡಿ. ಸ್ವರಚಿಹ್ನೆಯಿರುವ ಗುಂಡಿ ನೀರು ಹರಿಯುವ ಸದ್ದನ್ನಷ್ಟೇ ಮಾಡುತ್ತದೆ, ಫ್ಲಶ್ ಮಾಡುವುದಿಲ್ಲ. ಫ್ಲಶ್ ಗುಂಡಿ ಫಲಕದ ಮೇಲಂಚಿನಲ್ಲೋ ಗೋಡೆಯ ಮೇಲೋ ಬೇರೆಯಾಗಿ ಇರಬಹುದು.

ಹಂತ 9: ನೀರು, ಕಾಗದ ಮತ್ತು ಬುಟ್ಟಿ

ನೀರಿಗೆ ಒಗ್ಗಿದವರಿಗೆ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಅರಬ್ ದೇಶಗಳಲ್ಲಿ ಜೆಟ್ ಸ್ಪ್ರೇ ಸಿಗುತ್ತದೆ, ಟರ್ಕಿಯಲ್ಲಿ ಕಮೋಡಿನ ಒಳಗೇ ಸಣ್ಣ ಕೊಳವೆ ಇದ್ದು, ಅದರ ತಿರುಪು ಪಕ್ಕದ ಗೋಡೆಯಲ್ಲಿರುತ್ತದೆ. ಸ್ಪ್ರೇಯ ರಭಸವನ್ನು ಮೊದಲು ಕಮೋಡಿನೊಳಗೆ ಪರೀಕ್ಷಿಸಿ, ಇಲ್ಲದಿದ್ದರೆ ಬಟ್ಟೆಯೆಲ್ಲ ಒದ್ದೆ. ಪಶ್ಚಿಮ ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬರಿಯ ಕಾಗದ. ಅಲ್ಲಿ ಮಡಚುವ ಬಾಟಲಿಯನ್ನು ಹೊರಗಿನ ಬೇಸಿನ್ನಿನಲ್ಲಿ ತುಂಬಿಕೊಂಡು ಒಳಗೆ ಹೋಗಿ, ಮೊದಲು ಕಾಗದ ಬಳಸಿ, ಆಮೇಲೆ ಸ್ವಲ್ಪವೇ ನೀರು, ಕೊನೆಗೆ ಮತ್ತೆ ಕಾಗದದಿಂದ ಒಣಗಿಸಿಕೊಳ್ಳಿ. ಈ ಕ್ರಮದಲ್ಲಿ ನೀರು ಕಡಿಮೆ ಸಾಕಾಗುತ್ತದೆ, ನೆಲವೂ ಒದ್ದೆಯಾಗುವುದಿಲ್ಲ. ಒದ್ದೆ ನೆಲಕ್ಕೆ ಅಂತಹ ಕಟ್ಟಡಗಳಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ, ಮುಂದೆ ಬರುವವರು ಜಾರಿ ಬೀಳುತ್ತಾರೆ. ಹನಿ ಚೆಲ್ಲಿದರೆ ಒರೆಸಿಯೇ ಏಳಿ.

ಕಾಗದವನ್ನು ಎಲ್ಲಿ ಹಾಕಬೇಕು ಎಂಬುದರಲ್ಲೂ ದೇಶ ದೇಶಕ್ಕೆ ವ್ಯತ್ಯಾಸವಿದೆ. ಗ್ರೀಸ್, ಟರ್ಕಿ, ಈಜಿಪ್ಟ್, ಮೆಕ್ಸಿಕೋ, ಪೆರು ಮೊದಲಾದ ಕಡೆ ಎಷ್ಟೋ ಕಟ್ಟಡಗಳ ಕೊಳವೆ ಕಾಗದವನ್ನು ತಾಳುವುದಿಲ್ಲವಾದ್ದರಿಂದ ಬಳಸಿದ ಕಾಗದವನ್ನು ಪಕ್ಕದ ಬುಟ್ಟಿಗೆ ಹಾಕಬೇಕು. ಜಪಾನಿನಲ್ಲಿ ಟಾಯ್ಲೆಟ್ ಪೇಪರನ್ನು ಫ್ಲಶ್ ಮಾಡಬೇಕು. ದಕ್ಷಿಣ ಕೊರಿಯಾದಲ್ಲಿ 2018ರಿಂದ ಸಾರ್ವಜನಿಕ ಶೌಚಾಲಯದ ಕೋಣೆಗಳಿಂದ ಬುಟ್ಟಿಯನ್ನೇ ತೆಗೆಸಿದ್ದಾರೆ, ಹೆಂಗಸರ ಕಡೆ ಪ್ಯಾಡ್ ಹಾಕುವ ಪೆಟ್ಟಿಗೆ ಮಾತ್ರ ಉಳಿದಿದೆ. ಸಂದೇಹವಿದ್ದಾಗ ಗೋಡೆಯ ಸೂಚನೆಯನ್ನು ನೋಡಿ. ಸೂಚನೆ ಇಲ್ಲದೆ, ಕಮೋಡಿನ ಪಕ್ಕದಲ್ಲಿ ಮುಚ್ಚಳದ ಬುಟ್ಟಿ ಇದ್ದು ಅದರಲ್ಲಿ ಬಳಸಿದ ಕಾಗದ ಕಂಡರೆ ನೀವೂ ಅಲ್ಲಿಗೇ ಹಾಕಿ.

ಫ್ಲಶ್ ಮಾಡಿದಾಗ ನೀರು ಇಳಿಯದೆ ಮೇಲೇರತೊಡಗಿದರೆ ಎರಡನೆಯ ಸಲ ಒತ್ತಬೇಡಿ. ಅದು ಕಟ್ಟಿಕೊಂಡಿರುವ ಸೂಚನೆ, ಇನ್ನೊಮ್ಮೆ ಒತ್ತಿದರೆ ಉಕ್ಕಿ ಹರಿಯುತ್ತದೆ. ಮುಚ್ಚಳ ಹಾಕಿ, ಹೊರಬಂದು ಸಿಬ್ಬಂದಿಗೆ ತಿಳಿಸಿ. ಸಿಂಗಪುರದಲ್ಲಿ ಸಾರ್ವಜನಿಕ ಶೌಚಾಲಯವನ್ನು ಬಳಸಿ ಫ್ಲಶ್ ಮಾಡದೆ ಹೋಗುವುದು ದಂಡಾರ್ಹ ಅಪರಾಧ.

ಹಂತ 10: ಕೈ ತೊಳೆದು ಹೊರಬರುವುದು

ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯಿರಿ. ಸ್ಯಾನಿಟೈಸರ್ ಸೋಪಿಗೆ ಪೂರ್ತಿ ಬದಲಿಯಲ್ಲ, ವಾಂತಿಭೇದಿ ಹರಡುವ ನೊರೊವೈರಸ್ ಮೇಲೆ ಅದರ ಪರಿಣಾಮ ಅಷ್ಟಕ್ಕಷ್ಟೆ. ಇಟಲಿ, ಫ್ರಾನ್ಸ್, ಸ್ಪೇನ್‌ಗಳಲ್ಲಿ ನಲ್ಲಿಯ ಮೇಲಿನ ಸಿ ಅಕ್ಷರ ಬಿಸಿನೀರಿನದು, ತಣ್ಣೀರಿನದಲ್ಲ. ತಿರುಗಿಸುವ ಹಿಡಿಕೆ ಕಾಣದಿದ್ದರೆ ಕಾಲ ಬಳಿ ಪೆಡಲ್ ಇದೆಯೇ ನೋಡಿ. ಜಪಾನಿನ ಅನೇಕ ಶೌಚಾಲಯಗಳಲ್ಲಿ ಕೈ ಒರೆಸುವ ಕಾಗದವಿರುವುದಿಲ್ಲ, ಕರವಸ್ತ್ರ ಕೆಲಸಕ್ಕೆ ಬರುವುದು ಇಲ್ಲೇ. ಒಳಗಿರುವಾಗಲೇ ದೀಪ ಆರಿಹೋದರೆ ಹೆದರಬೇಡಿ, ಚಲನೆಗೆ ಹತ್ತುವ ದೀಪವಾಗಿರುತ್ತದೆ, ಕೈ ಬೀಸಿದರೆ ಮತ್ತೆ ಹತ್ತುತ್ತದೆ.

ಹಂತ 11: ವಿಶೇಷ ಅಗತ್ಯವಿರುವವರ ಸಿದ್ಧತೆ

ಬ್ರಿಟನ್ನಿನಲ್ಲಿ ಅಂಗವಿಕಲರಿಗಾಗಿ ಬೀಗ ಹಾಕಿಟ್ಟ ಸಾವಿರಾರು ಶೌಚಾಲಯಗಳು ರೇಡಾರ್ ಕೀ ಎಂಬ ಒಂದೇ ಬಗೆಯ ಕೀಲಿಯಿಂದ ತೆರೆಯುತ್ತವೆ. ಈ ವ್ಯವಸ್ಥೆ 1981ರಲ್ಲಿ ಆರಂಭವಾಯಿತು, ಕೀಲಿಯನ್ನು ಅಗತ್ಯವಿರುವವರು ಕೊಳ್ಳಬಹುದು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಇದೇ ಬಗೆಯ ಯೂರೋಕೀ ಇದೆ. ಎರಡನ್ನೂ ಹೊರಡುವ ಮುಂಚೆ ತರಿಸಿಕೊಳ್ಳುವುದು ಲೇಸು. ಗಾಲಿಕುರ್ಚಿಯವರಿಗೆ ವೀಲ್‌ಮ್ಯಾಪ್ ಎಂಬ ನಕ್ಷೆ ಉಪಯುಕ್ತ.

ಕರುಳಿನ ಅಥವಾ ಮೂತ್ರಕೋಶದ ಕಾಯಿಲೆಯಿರುವವರು ವೈದ್ಯರಿಂದ ಇಂಗ್ಲಿಷಿನಲ್ಲಿ ಎರಡು ಸಾಲಿನ ಚೀಟಿ ಬರೆಸಿಕೊಂಡು, ಹೋಗುವ ದೇಶದ ಭಾಷೆಯ ಅನುವಾದವನ್ನೂ ಜೊತೆಗಿಟ್ಟುಕೊಂಡರೆ ಅಂಗಡಿಯವರ ಮುಂದೆ ವಿವರಿಸುತ್ತಾ ನಿಲ್ಲಬೇಕಾಗುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯ 2005ರಲ್ಲಿ ಇಂತಹ ರೋಗಿಗಳಿಗೆ ಸಿಬ್ಬಂದಿಯ ಶೌಚಾಲಯ ಬಳಸಲು ಅವಕಾಶ ಕೊಡಬೇಕೆಂದು ಕಾನೂನು ಮಾಡಿತು, ಆಮೇಲೆ ಬೇರೆ ಹಲವು ರಾಜ್ಯಗಳೂ ಅದನ್ನು ಅನುಸರಿಸಿದವು.

ಹಂತ 12: ಎಲ್ಲೂ ಸಿಗದೆ ಹೋದಾಗ

ನಗರದಲ್ಲಿ ಗೋಡೆಯ ಮರೆ ಹುಡುಕಬೇಡಿ, ಅನೇಕ ದೇಶಗಳಲ್ಲಿ ಸ್ಥಳದಲ್ಲೇ ದಂಡ ಹಾಕುತ್ತಾರೆ. ಹತ್ತಿರದ ಔಷಧದಂಗಡಿ, ಆಸ್ಪತ್ರೆಯ ಹೊರರೋಗಿ ವಿಭಾಗ, ಪೆಟ್ರೋಲ್ ಬಂಕ್, ಇವುಗಳಲ್ಲಿ ಒಂದಕ್ಕೆ ಹೋಗಿ ಮುಚ್ಚುಮರೆಯಿಲ್ಲದೆ ಅವಸರವೆಂದು ಹೇಳಿ. ಮಗು ಜೊತೆಗಿದ್ದರೆ ಮೊದಲು ಅದನ್ನು ಹೇಳಿ.

ಕಟ್ಟಡವೇ ಇಲ್ಲದ ಚಾರಣದ ದಾರಿಯಲ್ಲಿ ನೀರಿನ ಸೆಲೆಯಿಂದಲೂ ದಾರಿಯಿಂದಲೂ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಬಳಸಿ, ಮಣ್ಣು ಮುಚ್ಚಬೇಕು. ಕಾಗದವನ್ನು ಹೂಳದೆ ಜಿಪ್ ಕವರಿನಲ್ಲಿ ವಾಪಸು ತನ್ನಿ. ಎತ್ತರದ ಕಲ್ಲುನೆಲದಲ್ಲಿ ಗುಂಡಿ ತೋಡುವುದೂ ಸಾಧ್ಯವಿಲ್ಲ, ತೋಡಿದರೂ ಅದು ಕೊಳೆಯುವುದಿಲ್ಲ. ಅಮೆರಿಕದ ಮೌಂಟ್ ವಿಟ್ನಿಯಂತಹ ಕಡೆ ಮಲವನ್ನೂ ವಿಶೇಷ ಚೀಲದಲ್ಲಿ ಕಟ್ಟಿ ಕೆಳಗೆ ತರಲೇಬೇಕೆಂಬ ನಿಯಮವಿದೆ. ಅಂತಹ ದಾರಿಗೆ ಹೊರಡುವವರು ಪರವಾನಗಿಯ ಕಾಗದದಲ್ಲಿ ಈ ನಿಯಮವನ್ನು ಹುಡುಕಿ ಓದಿಕೊಂಡು, ತಲೆಗೆ ದಿನಕ್ಕೊಂದರ ಲೆಕ್ಕದಲ್ಲಿ ಚೀಲ ಹೊಂದಿಸಿಕೊಂಡು, ಮೇಲೊಂದೆರಡು ಹೆಚ್ಚುವರಿ ಇಟ್ಟುಕೊಳ್ಳಬೇಕು.